ಕರಿಬೇವಿನ ಗಿಡದಲ್ಲಿ ಬಾಣಂತನ

ಕಾದ ಎಣ್ಣೆಗೆ ಕರಿಬೇವು ಬಿದ್ದಾಗ ಏಳುವ ಚಟಪಟ ಸದ್ದು ಕೇಳಿದರೆ ನನಗೆ ಅರ್ಧ ಊಟವಾದಷ್ಟು ಸಂತೋಷ. ಆದರೆ ನಮ್ಮ ಆಲ್ದೂರಿನ ಕಡೆಯ ಮಳೆಗೆ ಈ ಗಿಡ ಬದುಕುವುದೇ ಅಪರೂಪ. ಹಿತ್ತಲಿನ ತರಕಾರಿ ಮಡಿಗಳ ಅಂಚಿನಲ್ಲಿದ್ದ ಒಂದೇ ಒಂದು ಗಿಡವನ್ನು ನಮ್ಮ ಅತ್ತೆ, ಮಳೆಗಾಲದಲ್ಲಿ ಗೊಬ್ಬರದ ಚೀಲ ಹೊದಿಸಿ, ಹುಳಿಮಜ್ಜಿಗೆ ಎರೆದು, ಸೊಂಟದೆತ್ತರಕ್ಕೆ ತಂದಿದ್ದರು. ಯುಗಾದಿಗೆ ಮೊದಲ ಎಸಳು ಕೀಳಲು ನನಗೆ ಅಪ್ಪಣೆಯಾಗಿತ್ತು.

ಅಷ್ಟರಲ್ಲಿ, ಹಬ್ಬಕ್ಕೂ ಮೊದಲೇ ವಸಂತ ಬಂತು, ನೋಡಿ! ಹೀರೆಬಳ್ಳಿ ಬಟ್ಟೆ ಒಣಹಾಕುವ ತಂತಿಗೆ ಹತ್ತಿ ನಮ್ಮ ಮನೆಯವರ ಬನಿಯನ್ನನ್ನೇ ತಬ್ಬಿಕೊಂಡಿತು. ಕರಿಬೇವಿನ ಮೇಲೆ ಹಕ್ಕಿ ಹಿಕ್ಕೆಯಂಥದ್ದೇನೋ ಕಂಡು ಕೊಡವಲು ಹೋದರೆ, ಅದು ತಲೆಯೆತ್ತಿ ನನ್ನನ್ನೇ ನೋಡಿತು. ನಾಲ್ಕಾರು ದಿನದಲ್ಲಿ ಅಂಥವೆಲ್ಲ ಹಸಿರು ಬಣ್ಣದ ಗುಂಡು ಹುಳುಗಳಾದವು. ಒಂದನ್ನು ಮುಟ್ಟಿದ್ದೇ ತಡ, ನೆತ್ತಿಯಿಂದ ಕೆಂಪು ಕೊಂಬು ಚಾಚಿ ನಾತ ಬಿಟ್ಟಿತು. ಕಿಟಾರನೆ ಕಿರುಚಿದೆ. ಆಮೇಲೆ, ನಿಜ ಹೇಳುತ್ತೇನೆ, ಬೇಕೆಂದೇ ಇನ್ನೊಮ್ಮೆ ಮುಟ್ಟಿದೆ.

ಗಿಡ ಬರೀ ಕಡ್ಡಿಯಾಯಿತು. ನನಗೆ ಅಳುವೇ ಬಂತು. ಅತ್ತೆ ಬೇವಿನೆಣ್ಣೆ ತರುತ್ತಾರೆಂದು ಕಾದರೆ, ಅವರು ಬಗ್ಗಿ ನೋಡಿ, "ಪಾಪ, ಬಸುರಿ ಹಸಿವು ಕಣೇ. ತಿನ್ಲಿ ಬಿಡು" ಎಂದರು. ಸುತ್ತಲಿನ ಎಷ್ಟೋ ಮನೆಗಳ ಬಾಣಂತನ ಮಾಡಿದ ಕೈ ಅವರದು. ಹುಳುಗಳು ಕೋಶವಾಗಿ, ಸೊಂಟಕ್ಕೊಂದು ನೂಲು ಬಿಗಿದುಕೊಂಡು ಕಡ್ಡಿಗೆ ಒರಗಿದಾಗಲಂತೂ, "ನೋಡು, ಬಾಣಂತಿ ಥರ ಸೊಂಟಕ್ಕೆ ಬಟ್ಟೆ ಕಟ್ಕೊಂಡಾಯ್ತು" ಎಂದು ತೀರ್ಪು ಕೊಟ್ಟೇಬಿಟ್ಟರು. ಹಿತ್ತಲಲ್ಲಿ ಬಕೆಟ್ ಸದ್ದು ಮಾಡುವುದೂ ನಿಷಿದ್ಧವಾಯಿತು. ತಾನೇ ಬಸುರಿ, ತಾನೇ ಕೂಸು: ತನ್ನನ್ನು ತಾನೇ ಹೆರುವ ಇಂಥ ಜೀವಕ್ಕೆ ಯಾರಾದರೂ ಆರೈಕೆ ಮಾಡಲೇಬೇಕಲ್ಲವೇ ಎಂದು ನನಗೂ ಅನ್ನಿಸತೊಡಗಿತು.

ಆಗಲೇ ನಮ್ಮ ತೋಟದ ಕಾಫಿ ಮೊಗ್ಗು ಅರಳಲೆಂದು ನೀರು ಹಾಯಿಸುವ ಹೊತ್ತು. ಬೇಲಿಯಾಚೆ ಸ್ಪ್ರಿಂಕ್ಲರ್ ಜೆಟ್ ಹೂಡಲು ಬಂದ ಮಗನಿಗೆ ಅತ್ತೆ ಅಡ್ಡ ನಿಂತರು.

"ಬಾಣಂತಿ ಮೈಮೇಲೆ ತಣ್ಣೀರು ಬಿಡ್ತೀಯೇನೋ ಮಾರಾಯ? ಈ ಕಡೆ ಜೆಟ್ ತಿರುಗಿಸ್ಬೇಡ."

"ಅಮ್ಮಾ, ಈ ಸಾಲು ಹೂವೇ ಬಿಡೋದಿಲ್ಲ!"

"ಮಳೆ ಬಂದಾಗ ಬಿಡ್ಲಿ."

ನಮ್ಮ ಮನೆಯವರು ದೀನರಾಗಿ ನನ್ನತ್ತ ನೋಡಿದರು. ನಾನು ಹೀರೆಬಳ್ಳಿಯತ್ತ ನೋಡಿದೆ.

ವಾರ ಕಳೆಯುವಷ್ಟರಲ್ಲಿ ತೋಟವೆಲ್ಲ ಬೆಳ್ಳಗೆ ಅರಳಿ, ಪರಿಮಳಕ್ಕೆ ತಲೆ ತಿರುಗುವಂತಾಯಿತು. ಬೇಲಿ ಬದಿಯ ಸಾಲೊಂದು ಮಾತ್ರ ಯೂನಿಫಾರ್ಮ್ ಮರೆತು ಬಂದ ಹುಡುಗನಂತೆ ಹಸಿರಾಗಿಯೇ ನಿಂತಿತ್ತು. ದಾರಿಯಲ್ಲಿ ಹೋಗುವವರೆಲ್ಲ "ಜೆಟ್ ಕೆಟ್ಟಿತ್ತಾ?" ಎಂದು ಕೇಳಿದರು; ನಮ್ಮ ಮನೆಯವರು ಆಕಾಶ ನೋಡಿದರು. ಆಗಲೇ ಒಂದು ಬೆಳಗ್ಗೆ ಕೋಶವೊಂದು ಬಿರಿದು, ಒದ್ದೆ ರೆಕ್ಕೆಯ ಕಪ್ಪು ಚಿಟ್ಟೆ ಹೊರಬಂತು. ರೆಕ್ಕೆ ಒಣಗಿಸಿಕೊಂಡು ಅದು ಹಾರಿದಾಗ ನನಗೆ ಕುಣಿಯಬೇಕೆನಿಸಿತು. ಬದನೆ ಮಡಿಯ ಬದುವಿನ ಮೇಲೆ ಕುಣಿದೆ ಕೂಡ.

ಯುಗಾದಿಯ ಅಡುಗೆ ಕರಿಬೇವಿಲ್ಲದೆಯೇ ಆಯಿತು. ಆಮೇಲೆ ಮಳೆ ಬಿತ್ತು. ಊರಿನ ಹೂವೆಲ್ಲ ಉದುರಿದ ಮೇಲೆ ನಮ್ಮ ಸಾಲು ಒಂದೇ ಅರಳಿ, ನಮಗಷ್ಟೇ ಘಮಘಮಿಸಿತು. ಕರಿಬೇವಿನ ಕಡ್ಡಿಗಳೂ ಚಿಗುರಿದವು. ಒಲೆಯ ಮೇಲೆ ಸಾರು ಕುದಿಯುತ್ತಿದ್ದಾಗ ಓಡಿಹೋಗಿ ಎಳೆಯ ಎಸಳಿಗೆ ಕೈಯಿಟ್ಟೆ. ಬೆರಳಿನ ಪಕ್ಕದಲ್ಲೇ ಕಪ್ಪು ಚಿಟ್ಟೆಯೊಂದು ಬಂದು ಕೂತು, ಹೊಟ್ಟೆ ಬಗ್ಗಿಸಿ, ಚಿಗುರಿಗೊಂದು ಮೊಟ್ಟೆ ಅಂಟಿಸಿತು.

"ಕೈ ತೆಗಿ! ಮಗಳು ತವರಿಗೆ ಬಂದಿದ್ದಾಳೆ" ಎಂದರು ಬೆನ್ನಹಿಂದಿದ್ದ ಅತ್ತೆ.

ಬರಿಗೈಯಲ್ಲಿ ಒಳಗೆ ಬಂದು ನಗುತ್ತಲೇ ಎಣ್ಣೆಗೆ ಸಾಸಿವೆ ಹಾಕಿದೆ. ಅದೊಂದೇ ಚಟಪಟ ಸಿಡಿಯಿತು. ಹಿತ್ತಲಿನಿಂದ ಅತ್ತೆ ಕೂಗಿದರು:

"ಒಗ್ಗರಣೆ ಮೆಲ್ಲಗೆ ಹಾಕೇ, ಬಾಣಂತಿ ಮನೆ ಇದು!"