ಟೀ ಅಂಗಡಿಯಲ್ಲಿ ಕಂಪ್ಯೂಟರ್ ಜಗಳ

ಗೆಳೆಯರೇ, ಕಂಪ್ಯೂಟರಿಗೆ ಬುದ್ಧಿ ಇದೆಯೋ ಇಲ್ಲವೋ ಎಂದು ಇವತ್ತು ನಮ್ಮ ಚಿನ್ನದ ಗಣಿಯ ನಂದಿದುರ್ಗದ ಟೀ ಅಂಗಡಿಯಲ್ಲಿ ದೊಡ್ಡ ಜಗಳ. ಗಣಿಯೊಳಗೆ ಒತ್ತಡಕ್ಕೆ ಬಂಡೆ ತಾನಾಗಿ ಸಿಡಿಯುವುದನ್ನು ಇನ್ನು ಮುಂದೆ ಅದೇ ಮೊದಲೇ ಹೇಳುತ್ತದಂತೆ ಎಂದು ಪೇಪರ್ ಓದಿದವರು ಟೈಲರ್ ಸೆಲ್ವರಾಜಣ್ಣ. "ಯೋಚ್ನೆ ಮಾಡೋ ಮಿಷಿನ್ನಪ್ಪಾ ಅದು, ಸುಳ್ಳು ಯೋಳಲ್ಲ," ಎಂದರು.

ಕ್ಯಾಸಂಬಳ್ಳಿಯಿಂದ ಹಾಲು ತರುವ ಮುನಿಯಪ್ಪನಿಗೆ ರೇಗಿತು. "ತಗಡು ಡಬ್ಬ ಕಣಣ್ಣ. ಅದಕ್ಕೇನು ಗೊತ್ತಾತದೆ?"

ಅಷ್ಟರಲ್ಲಿ ಕಾಲಡಿಯ ನೆಲ ಗುಡುಗಿತು. ಕಪಾಟಿನ ಗ್ಲಾಸುಗಳು ಗಲಗಲ ಅಂದವು. ಕೆಳಗೆಲ್ಲೋ ಬಂಡೆ ಸಿಡಿದಿತ್ತು. ಹಾಗಾದಾಗ ಇಲ್ಲಿ ಎಲ್ಲರೂ ಅಪಘಾತದ ಸೈರನ್ ಕೂಗುತ್ತದೋ ಎಂದು ಕಿವಿಗೊಟ್ಟು ನಿಲ್ಲುತ್ತೇವೆ. ಮುನಿಯಪ್ಪನ ಅಳಿಯ ಬೆಳಗಿನ ಪಾಳಿಗೆ ಇಳಿದಿದ್ದ. ಸೆಲ್ವರಾಜಣ್ಣ ಪೇಪರ್ ಬಿಟ್ಟು ಎದ್ದುಹೋಗಿ ಮುನಿಯಪ್ಪನ ಪಕ್ಕ ನಿಂತರು.

ಬಹಳ ಹೊತ್ತಾದರೂ ಸೈರನ್ ಕೂಗಲಿಲ್ಲ.

ಮುನಿಯಪ್ಪ ಟವಲ್ಲಿನಿಂದ ಮುಖ ಒರೆಸಿಕೊಂಡು, "ಆ ಡಬ್ಬ ಬರ್ಲಿ ಬಿಡಣ್ಣ. ಒಂದ್ ಗಳಿಗೆ ಮುಂಚೆ ಯೋಳಿದ್ರೂ ಸಾಕು," ಎಂದ.

"ಅದೇನ್ ಯೋಳ್ತದೆ, ತಗಡು," ಎಂದರು ಸೆಲ್ವರಾಜಣ್ಣ. "ಅದರ ಅಳಿಯ ಏನಾದ್ರೂ ಕೆಳಗೆ ಅವ್ನಾ?"

ಈಗ ಇಬ್ಬರೂ ಪಕ್ಷ ಬದಲಿಸಿಕೊಂಡು ಮತ್ತೆ ಜಗಳಕ್ಕೆ ಕೂತಿದ್ದಾರೆ. ನಾನು ಇಬ್ಬರ ಕಡೆಗೂ ಇದ್ದೇನೆ.