ವೈನ್ ಅಂಗಡಿಗೆ ಅತ್ತೆಯ ರೊಟ್ಟಿ

ನಮ್ಮ ಕಡೆ ವೈನ್ ಶಾಪ್ ಎಂದು ಬೋರ್ಡಿರುವ ಅಂಗಡಿಯಲ್ಲಿ ವೈನ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ಶಹಾಬಾದಿನಲ್ಲಿ ನಾನು ಕೆಲಸ ಮಾಡಿದ ಅಂಗಡಿ ಹಾಗಿರಲಿಲ್ಲ. ಅಲ್ಲಿ ವೈನ್ ಮಾತ್ರ ಇತ್ತು. ಹಾಗಾಗಿ ಗಿರಾಕಿಗಳು ಇರಲಿಲ್ಲ. ದಾರಿ ತಪ್ಪಿ ಬಂದವರು, “ಒಂದು ಕ್ವಾರ್ಟರ್ ಕೊಡ್ರಿ” ಎನ್ನುತ್ತಿದ್ದರು. ಮಾಲಕರು ಕೂತಲ್ಲಿಂದಲೇ ಕೈ ಎತ್ತಿ ರಸ್ತೆಯ ಆಚೆಗಿನ ಅಂಗಡಿ ತೋರಿಸುತ್ತಿದ್ದರು.

ಮಾಲಕರಿಗೆ ನನ್ನ ಗಂಡನ ಪರಿಚಯವಿತ್ತು. ನನ್ನ ಗಂಡನದು ವಾಡಿಯಲ್ಲಿ ಮೋಟರ್ ರಿಪೇರಿ ಅಂಗಡಿ. ಮಾಲಕರ ಹೊಲದ ಪಂಪು ಸುಟ್ಟಾಗೆಲ್ಲ ಅಲ್ಲಿಗೇ ಬರುತ್ತಿತ್ತು. ಒಂದು ಬೆಳಿಗ್ಗೆ ನನ್ನ ಗಂಡ ಅಂಗಡಿಯ ಶಟರ್ ಎತ್ತಿದವರು ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತರಂತೆ. ನಾನು ಹೋಗಿ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಮನೆಯಲ್ಲಿ ನಾನು ಮತ್ತು ಅತ್ತೆ ಉಳಿದೆವು. ಅತ್ತೆ ಮಣ್ಣು ಮಾಡಿದ ದಿನ ಅತ್ತರು, ಆಮೇಲೆ ಅಳಲಿಲ್ಲ. ನಾನು ಅಂದೂ ಅಳಲಿಲ್ಲ. ಜನ ಬಂದು ಕೂತು ಹೋದರು. ಎದ್ದೆ, ನೀರು ತುಂಬಿದೆ, ಬಟ್ಟೆ ಒಗೆದೆ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ನಾನು ಎಲ್ಲೋ ದೂರ ಕೂತು ಅದನ್ನು ನೋಡುತ್ತಿದ್ದ ಹಾಗೆ ಇರುತ್ತಿತ್ತು.

ಮಾತಾಡಿಸಲು ಬಂದ ಮಾಲಕರು ಒಂದು ದಿನ ಹೇಳಿದರು: “ಅಕ್ಕಾರ, ಶನಿವಾರ ಶನಿವಾರ ನಮ್ಮ ಅಂಗಡ್ಯಾಗ ಬಂದು ನಿಲ್ರಿ. ಕಂಪನಿಯವರು ವೈನ್ ರುಚಿ ತೋರಸ್ಲಿಕ್ಕೆ ಒಬ್ಬರು ಬೇಕು ಅನ್ಲಿಕತ್ತಾರ. ಹೆಣ್ಮಕ್ಕಳು ನಿಂತ್ರ ಮನೆತನದವರೂ ನಾಲ್ಕು ಮಂದಿ ಒಳಗ ಬರ್ತಾರ.”

ಬೇರೆ ದಿನಗಳಾಗಿದ್ದರೆ ಅವರ ಮುಖ ನೋಡದೆ ಎದ್ದು ಒಳಗೆ ಹೋಗುತ್ತಿದ್ದೆನೇನೋ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ ನಮ್ಮದು. ಆದರೆ ಆಗ ಬೇಡ ಎನ್ನಲಿಕ್ಕೂ ಒಂದಿಷ್ಟು ಶಕ್ತಿ ಬೇಕಿತ್ತು. “ಆಗಲಿ ಬಿಡ್ರಿ” ಎಂದೆ. ಅತ್ತೆಗೆ ಜ್ಯೂಸ್ ಕಂಪನಿ ಎಂದು ಹೇಳಿದೆ.

ಕಂಪನಿಯವರು ವಿಜಯಪುರಕ್ಕೆ ಕರೆಸಿ ಒಂದು ದಿನ ಕಲಿಸಿದರು. ಗ್ಲಾಸಿನ ಕಾಲು ಹಿಡಿಯಬೇಕು, ಬೆಳಕಿಗೆ ಓರೆ ಮಾಡಿ ಬಣ್ಣ ನೋಡಬೇಕು, ಮೆಲ್ಲಗೆ ತಿರುಗಿಸಿ ಮೂಸಬೇಕು, ಒಂದು ಗುಟುಕು ಬಾಯಿಗೆ ತೆಗೆದುಕೊಂಡು ನಾಲಿಗೆಯ ಮೇಲೆ ನಿಲ್ಲಿಸಬೇಕು. ಬೇಡವಾದರೆ ಪಕ್ಕದ ಡಬ್ಬಿಯಲ್ಲಿ ಉಗುಳಬಹುದು. ನಾನೂ ಹಾಗೇ ಮಾಡಿ ಉಗುಳಿದೆ. “ಏನು ಅನಿಸ್ತು ಮೇಡಂ?” ಎಂದು ಕಲಿಸುವವರು ಕೇಳಿದರು. ತಣ್ಣಗಿತ್ತು, ಒದ್ದೆ ಇತ್ತು. ಬೇರೇನೂ ಅನಿಸಿರಲಿಲ್ಲ. ಪಕ್ಕದಲ್ಲಿದ್ದವರು ನೇರಳೆಹಣ್ಣು ಎಂದಿದ್ದರು. ನಾನೂ ನೇರಳೆಹಣ್ಣು ಎಂದೆ. ಅವರು ಸಂತೋಷಪಟ್ಟರು.

ಶನಿವಾರ ಮಧ್ಯಾಹ್ನ ಪ್ಯಾಸೆಂಜರ್ ಹಿಡಿದು ಹೋಗುತ್ತಿದ್ದೆ. ಅಂಗಡಿಯ ನೆಲ ಹೊಸ ಫರಸಿ ಕಲ್ಲಿನದು, ಒಳಗೆ ತಂಪು. ಮೇಜಿಗೆ ಬಿಳಿ ಬಟ್ಟೆ ಹಾಸಿ ಬಾಟಲಿ, ಸಣ್ಣ ಗ್ಲಾಸು ಇಟ್ಟು ನಿಲ್ಲುತ್ತಿದ್ದೆ. ಪುಕ್ಕಟೆ ಎಂದು ಗೊತ್ತಾದ ಮೇಲೆ ಜನ ಬರತೊಡಗಿದರು. ಕಲ್ಲಿನ ಖಣಿಯಲ್ಲಿ ಕೆಲಸ ಮಾಡುವವರು, ಆಟೋದವರು, ರಿಟೈರ್ ಆದ ಒಬ್ಬ ಮಾಸ್ತರರು. ತಿರುಗಿಸಿ ಮೂಸಬೇಕು ಎಂದರೂ ಬಹಳ ಮಂದಿ ಕಷಾಯ ಕುಡಿದಂತೆ ಒಂದೇ ಸಲ ಎತ್ತಿಬಿಡುತ್ತಿದ್ದರು.

“ಅಕ್ಕಾರ, ಇದರಾಗ ನಶಾನೇ ಇಲ್ಲಲ್ರಿ.”

“ನಿಧಾನ ಕುಡೀರಿ. ನೇರಳೆಹಣ್ಣಿನ ವಾಸನಿ ಬರ್ತದ ನೋಡ್ರಿ.”

“ನೇರಳೆಹಣ್ಣು ತಿನಬೇಕಂದ್ರ ಬಜಾರಕ್ಕ ಹೋಗ್ತಿದ್ದಿಲ್ಲೇನ್ರಿ?”

ಮಾಲಕರು ನಗುತ್ತಿದ್ದರು. ನಗುವ ಜಾಗ ಇದು ಎಂದು ನನಗೂ ತಿಳಿಯುತ್ತಿತ್ತು, ನಾನೂ ನಗುತ್ತಿದ್ದೆ.

ಒಂದು ವೈನಿನಿಂದ ಇನ್ನೊಂದಕ್ಕೆ ಹೋಗುವಾಗ ಬಾಯಿ ಸ್ವಚ್ಛವಾಗಲು ಉಪ್ಪಿಲ್ಲದ, ಸಿಹಿಯಿಲ್ಲದ ಬಿಸ್ಕತ್ತು ಕೊಡಿ ಎಂದು ಕಂಪನಿಯವರು ಹೇಳಿದ್ದರು. ಅಂಥ ಬಿಸ್ಕತ್ತು ಶಹಾಬಾದಿನಲ್ಲಿ ಸಿಗಲಿಲ್ಲ. ಮನೆಯಿಂದ ಖಡಕ್ ರೊಟ್ಟಿ ಒಯ್ದು ಮುರಿದು ಇಟ್ಟೆ. ಜನಕ್ಕೆ ವೈನಿಗಿಂತ ರೊಟ್ಟಿ ಹಿಡಿಸಿತು. ಮುಂದಿನ ವಾರ “ಇದಕ್ಕ ಹಚಗೊಳ್ಳಲಿಕ್ಕ ಏನರೆ ತರ್ರಿ” ಎಂದರು. ಶೇಂಗಾ ಕುಟ್ಟಿ ಮಾಡಿದ ಚಟ್ನಿಪುಡಿ, ನಮ್ಮ ಕಡೆಯ ಹಿಂಡಿ, ಅದನ್ನೂ ಒಯ್ದೆ. ಎರಡನ್ನೂ ಮಾಡುತ್ತಿದ್ದವರು ಅತ್ತೆ.

“ಇಷ್ಟು ರೊಟ್ಟಿ ಯಾರು ತಿಂತಾರ?” ಒಂದು ಶುಕ್ರವಾರ ಹಂಚಿನ ಮುಂದೆ ಕೂತು ಅತ್ತೆ ಕೇಳಿದರು.

“ಆಫೀಸಿನ್ಯಾಗ ತಿಂತಾರ್ರಿ.”

“ಜ್ಯೂಸ್ ಕುಡಿಯೋರು ರೊಟ್ಟಿ ತಿಂತಾರೇನು?”

ರೊಟ್ಟಿ ಮಗುಚಿ ಹಾಕಿ ಅವರು, “ನಾಳೆ ನಾನೂ ಬರ್ತೀನಿ” ಎಂದರು. ನೆಪ ಹೇಳಬಹುದಿತ್ತು. ಒಂದೂ ಹೊಳೆಯಲಿಲ್ಲ, ಹುಡುಕಲೂ ಇಲ್ಲ. “ಬರ್ರಿ” ಎಂದೆ.

ಮಾರನೆಯ ದಿನ ಇಬ್ಬರೂ ಪ್ಯಾಸೆಂಜರ್ ಹಿಡಿದು ಹೋದೆವು. ಅಂಗಡಿಯ ಮುಂದೆ ನಿಂತು ಅತ್ತೆ ಬೋರ್ಡನ್ನು ಅಕ್ಷರ ಕೂಡಿಸಿ ಓದಿದರು. ಬಯ್ಯುತ್ತಾರೆ ಎಂದುಕೊಂಡೆ. ತಿರುಗಿ ಸ್ಟೇಷನ್ನಿಗೆ ಹೋಗುತ್ತಾರೆ ಎಂದುಕೊಂಡೆ. ಎರಡೂ ಆಗಬಹುದು ಎಂದು ಗೊತ್ತಿದ್ದೂ ನನಗೆ ಹೆದರಿಕೆಯಾಗಲಿಲ್ಲ. ಅವರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಒಳಗೆ ಬಂದರು. ಮಾಲಕರು ಗಾಬರಿಯಿಂದ ಎದ್ದು, “ಬರ್ರಿ ಅವ್ವಾರ, ಕುಂದ್ರಿ” ಎಂದು ಖುರ್ಚಿ ಕೊಟ್ಟರು. ಅತ್ತೆ ರಸ್ತೆಗೆ ಬೆನ್ನು ಮಾಡಿ ಕೂತು, ರೊಟ್ಟಿಯ ಗಂಟು ಬಿಚ್ಚಿ ತಾವೇ ಮುರಿದು ತಟ್ಟೆಯಲ್ಲಿಟ್ಟರು.

ಅಂದು ಮೊದಲು ಬಂದವರು ಮಾಸ್ತರರು. ನಾನು ಬಣ್ಣ, ವಾಸನೆ, ನೇರಳೆಹಣ್ಣು ಎಲ್ಲ ಹೇಳಿದೆ. ಅತ್ತೆ ನನ್ನ ಬಾಯನ್ನೇ ನೋಡುತ್ತಿದ್ದರು. ಮಾಸ್ತರರು ಒಂದು ಗುಟುಕು ಕುಡಿದು, ರೊಟ್ಟಿಗೆ ಹಿಂಡಿ ಹಚ್ಚಿ ಬಾಯಿಗಿಟ್ಟು ಮುಖ ಕಿವುಚಿದರು.

“ಸಿಟ್ಟಾಗಬ್ಯಾಡ್ರಿ, ಹಿಂಡಿಗೆ ಉಪ್ಪು ಭಾಳ ಆಗ್ಯಾದ. ಹೋದ ವಾರನೂ ಹಿಂಗೇ ಇತ್ತು. ಅದರ ಹಿಂದಿನ ವಾರ ಉಪ್ಪೇ ಇದ್ದಿಲ್ಲ.”

ನಾನು ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡೆ. ಬೆರಳ ತುದಿಗೆ ಪುಡಿ ಹತ್ತಿದ್ದು ಗೊತ್ತಾಯಿತು, ಅಷ್ಟೇ. ಅತ್ತೆಯೂ ಒಂದು ಚಿಟಿಕೆ ತೆಗೆದುಕೊಂಡರು. ಬಹಳ ಹೊತ್ತು ಬಾಯಿ ಆಡಿಸಿದರು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಮಾಸ್ತರರಿಗೆ ಏನು ತಿಳಿಯಿತೋ, ಮೆಲ್ಲಗೆ ಗ್ಲಾಸಿಟ್ಟು ಬಾಟಲಿಗಳ ಕಡೆ ತಿರುಗಿದರು.

ಸಂಜೆಯ ರೈಲಿಗೆ ಕಾಯುತ್ತ ಸಿಮೆಂಟ್ ಬೆಂಚಿನ ಮೇಲೆ ಕೂತಾಗ ಅತ್ತೆ ಕೇಳಿದರು: “ನೀ ಕುಡೀತಿಯೇನು ಅದನ್ನ?”

“ಬಾಯಾಗ ಹಾಕ್ಕೊಂಡು ಉಗುಳ್ತೀನ್ರಿ.”

“ಹೆಂಗಿರ್ತದ?”

“ಗೊತ್ತಾಗಂಗಿಲ್ರಿ. ಏನ್ ತಿಂದ್ರೂ ಗೊತ್ತಾಗವಲ್ದು. ಅವರು ಹೋದಾಗಿಂದ.”

ಅತ್ತೆ ಹಳಿಯ ಕಡೆ ನೋಡುತ್ತಿದ್ದರು. “ನನಗೂ ಉಪ್ಪು ತಿಳೀವಲ್ದು” ಎಂದರು. “ಕೈ ಅಳತಿ ಮ್ಯಾಲ ಹಾಕ್ಲಿಕತ್ತೀನಿ. ಹಾಕೀನೋ ಇಲ್ಲೋ ಅದೂ ನೆನಪಿರಂಗಿಲ್ಲ. ನೀ ಏನೂ ಅನ್ನದೇ ಉಣ್ತಿದ್ದಿ. ಬರಾಬರಿ ಇರ್ತದಂತ ತಿಳ್ಕೊಂಡಿದ್ದೆ.”

“ನಾ ನಿಮ್ಮನ್ನ ನೋಡಿ ಹಂಗೇ ತಿಳ್ಕೊಂಡಿದ್ದೆರಿ.”

ಇಷ್ಟು ತಿಂಗಳು ಒಂದೇ ತಟ್ಟೆಯ ಆಚೆ ಈಚೆ ಕೂತು ಏನು ಉಂಡೆವೋ ಇಬ್ಬರಿಗೂ ಗೊತ್ತಿರಲಿಲ್ಲ. ಇದಕ್ಕೆ ಅಳಬೇಕೆಂದು ಅನಿಸಿತು. ಅಳು ಬರಲಿಲ್ಲ. ರೈಲು ಬಂತು. ಅತ್ತೆಯ ಕೈ ಹಿಡಿದು ಹತ್ತಿಸಿದೆ. ವಾಡಿ ಬರುವವರೆಗೆ ಅವರು ಆ ಕೈ ಬಿಡಲಿಲ್ಲ.

ಕೆಲಸ ಬಿಡು ಎಂದು ಅವರು ಹೇಳಲಿಲ್ಲ. ಮಾಡು ಎಂದೂ ಹೇಳಲಿಲ್ಲ. ರೊಟ್ಟಿ ಬಡಿಯುತ್ತಿದ್ದರು, ಹಿಂಡಿ ಕುಟ್ಟುವುದನ್ನು ಬಿಟ್ಟರು. ಮಳೆಗಾಲ ಮುಗಿಯುವುದರೊಳಗೆ ಅಂಗಡಿಯೇ ಮುಚ್ಚಿತು. ಪುಕ್ಕಟೆ ಕುಡಿದವರಲ್ಲಿ ಬಾಟಲಿ ಕೊಂಡವರು ಕಡಿಮೆ. ಮಾಲಕರು ಅಲ್ಲೇ ಟೈಲ್ಸ್ ಅಂಗಡಿ ತೆಗೆದರು. ನಾನು ಈಗ ಸೇಡಂನಲ್ಲಿ ಒಂದು ಔಷಧದ ಅಂಗಡಿಗೆ ಹೋಗುತ್ತೇನೆ. ರೈಲಿನಲ್ಲಿ ಕಿಟಕಿಯ ಬಳಿ ಜಾಗ ಸಿಕ್ಕರೆ ಚಿತ್ತಾಪುರ ದಾಟುವವರೆಗೆ ಹೊರಗೆ ನೋಡುತ್ತ ಕೂತಿರುತ್ತೇನೆ. ತೊಗರಿ ಹೂ ಬಿಟ್ಟಿದೆಯೋ ಕೊಯ್ದಾಗಿದೆಯೋ ಎಂದು ಇಳಿದ ಮೇಲೆ ಯಾರಾದರೂ ಕೇಳಿದರೆ ನನಗೆ ಹೇಳಲು ಬರುವುದಿಲ್ಲ.

ಸಂಜೆ ಪಲ್ಯವೋ ಬ್ಯಾಳಿಯೋ ಒಲೆಯ ಮೇಲಿರುವಾಗ ಅತ್ತೆ ಗೋಡೆಯ ಆಚೆಗೆ ಕೂಗಿ ಪಕ್ಕದ ಮನೆಯಾಕೆಯನ್ನು ಕರೆಯುತ್ತಾರೆ. ಆಕೆ ಬಂದು ಅಂಗೈಗೆ ಹಾಕಿಸಿಕೊಂಡು ನೆಕ್ಕಿ ನೋಡುತ್ತಾಳೆ. “ಇನ್ನೊಂದು ಚೂರು ಹಾಕ್ರಿ” ಎಂದರೆ ಹಾಕುತ್ತಾರೆ. “ಸಾಕ್ರಿ” ಎಂದರೆ ಇಳಿಸುತ್ತಾರೆ. ಆಮೇಲೆ ನಾವಿಬ್ಬರೂ ಉಣ್ಣಲು ಕೂರುತ್ತೇವೆ.