ಖಾಲಿ ಡಬ್ಬಿ ಕೊಡಬಾರದು

ಮದುವೆಯಾಗಿ ಧಾರವಾಡದಿಂದ ಅಬುಧಾಬಿಗೆ ಬಂದಿಳಿದ ವಾರದಲ್ಲೇ ನನ್ನ ಗಂಡ ಇಲ್ಲಿಯ ರೀತಿನೀತಿಗಳ ಪಾಠ ಮುಗಿಸಿದ್ದರು. ಕೇಳದೆ ಯಾರ ಫೋಟೋನೂ ತೆಗೆಯಬೇಡ, ರಂಜಾನಿನಲ್ಲಿ ಹಗಲು ಬೀದಿಯಲ್ಲಿ ನೀರು ಸಹ ಕುಡಿಯಬೇಡ. ಎದುರು ಮನೆಯ ಡಬ್ಬಿಯ ಬಗ್ಗೆ ಮಾತ್ರ ಪುಣ್ಯಾತ್ಮರು ಒಂದಕ್ಷರ ಹೇಳಲಿಲ್ಲ.

ಎದುರು ಮನೆಯಲ್ಲಿದ್ದವರು ಭಟ್ಕಳದ ಅಕ್ಕ. ಟೂರಿಸ್ಟ್ ಕ್ಲಬ್ ಏರಿಯಾದ ಆ ಹನ್ನೆರಡು ಮಹಡಿಯ ಕಟ್ಟಡದಲ್ಲಿ ಹಗಲು ಹೊತ್ತು ನನ್ನೊಡನೆ ಕನ್ನಡ ಆಡುವ ಜೀವ ಅವರೊಬ್ಬರೇ. ಆ ವರ್ಷ ರಂಜಾನ್ ಸುಡುಬಿಸಿಲಿನಲ್ಲಿ ಬಂದಿತ್ತು. ಒಂದು ಸಂಜೆ, ನಾನು ಸಸ್ಯಾಹಾರಿಯೇ ಎಂದು ವಿಚಾರಿಸಿಕೊಂಡು, ಸ್ಟೀಲ್ ಡಬ್ಬಿಯ ತುಂಬ ಸಿಹಿ ಕೊಟ್ಟರು. ಖಾಲಿ ಡಬ್ಬಿ ತಿರುಗಿ ಕೊಡಬಾರದೆಂಬುದು ನಮ್ಮವ್ವನ ಕಟ್ಟಪ್ಪಣೆ. ಶೇಂಗಾ ಹೋಳಿಗೆ ತುಂಬಿ ಕೊಟ್ಟೆ. ಅವರವ್ವನೂ ಅದನ್ನೇ ಕಲಿಸಿದ್ದಳೆಂದು ನನಗೇನು ಗೊತ್ತು? ಮರುದಿನವೇ ಡಬ್ಬಿ ತುಂಬಿ ಬಂತು.

ಹಬ್ಬ ಮುಗಿಯಿತು, ಡಬ್ಬಿಯ ಓಡಾಟ ಮುಗಿಯಲಿಲ್ಲ. ಇಲ್ಲಿಂದ ಉಂಡಿ ಹೋದರೆ ಅಲ್ಲಿಂದ ಹಲ್ವಾ ಬರುತ್ತಿತ್ತು. ಲಟ್ಟಿಸಿ ಲಟ್ಟಿಸಿ ನನ್ನ ರಟ್ಟೆ ಸೋತವು.

“ಖಲಾಸ್! ಇನ್ನ ಸಾಕ್ ಮಾಡು. ನನ್ನ ಅಂಗಿ ಗುಂಡಿ ಹತ್ತವಲ್ವು,” ಎಂದರು ಗಂಡ.

ನಿಲ್ಲಿಸಲು ನನಗೆ ಭಯ. ಆ ಒಂದು ಬಾಗಿಲೂ ಮುಚ್ಚಿಕೊಂಡರೆ ನಾನು ದಿನವಿಡೀ ಗೋಡೆಯ ಜೊತೆ ಮಾತಾಡಬೇಕಿತ್ತು.

ಕೊನೆಗೊಂದು ದಿನ ಸೋತು, ಡಬ್ಬಿಗೆ ಒಂದು ಹಿಡಿ ಸಕ್ಕರೆ, ಮರ್ಯಾದೆಗೆ ಎರಡು ಏಲಕ್ಕಿ ಹಾಕಿ, ಅವರ ಹೊಸ್ತಿಲಲ್ಲಿಟ್ಟು, ಬೆಲ್ ಒತ್ತಿ ಕಳ್ಳಿಯಂತೆ ಓಡಿಬಂದೆ.

ಮರುದಿನ ನಮ್ಮ ಬೆಲ್ ಸದ್ದಾಯಿತು. ಬಾಗಿಲು ತೆರೆದರೆ ಯಾರೂ ಇಲ್ಲ, ಡಬ್ಬಿ ಮಾತ್ರ ಇತ್ತು. ಒಳಗೆ ನನ್ನದೇ ಸಕ್ಕರೆ, ನನ್ನವೇ ಎರಡು ಏಲಕ್ಕಿ! ಲಿಫ್ಟಿನ ಪಕ್ಕದ ಗೋಡೆಯ ಮರೆಯಿಂದ ಅಕ್ಕನ ದುಪಟ್ಟಾದ ಅಂಚು ಕಾಣುತ್ತಿತ್ತು.

“ಕಂಡ್ರಿ ಅಕ್ಕಾರ, ಹೊರಗ ಬರ್ರಿ,” ಎಂದೆ.

“ನಿಂಗೂ ಸಾಕಾಯ್ತಾ ಮಾರಾಯ್ತಿ?” ಅವರು ನಗುತ್ತ ಬಂದರು. “ನನ್ನ ಸೊಂಟ ಬಿದ್ದೋಯ್ತು. ನಿಲ್ಸಿದ್ರೆ ನೀನು ಬರೋದೂ ನಿಲ್ಸ್ತೀಯೇನೋ ಅಂತ ಹೆದ್ರಿಕೆ. ಮಕ್ಕಳು ಶಾಲೆಗೆ ಹೋದ್ಮೇಲೆ ಈ ಮನೇಲಿ ನಂಗೆ ಯಾರಿದ್ದಾರೆ ಹೇಳು?”

ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅದೇ ಸಕ್ಕರೆ, ಅದೇ ಏಲಕ್ಕಿ ಹಾಕಿ ಚಹಾ ಮಾಡಿ ಕುಡಿದೆವು. ಮರುದಿನ ಮೊದಲ ಸಲ ಬರಿಗೈಯಲ್ಲಿ ಹೋಗಿ ಅವರ ಬಾಗಿಲು ಬಡಿದೆ.